ಪ್ರತಿಕೃತಿಗಿಂತ ಮೊದಲು ಗೋಡೆ ಉಳಿಯಲಿ

ಏಳನೇ ತರಗತಿಯಲ್ಲಿದ್ದಾಗ ಬೈಲಹೊಂಗಲದ ನಮ್ಮ ಶಾಲೆಯಿಂದ ಕಿತ್ತೂರಿಗೆ ಟ್ರಿಪ್ ಹೋಗಿದ್ದೆವು. ಮಾಸ್ತರರು ರಾಣಿ ಚನ್ನಮ್ಮನ ಕಥೆ ಹೇಳುತ್ತಿದ್ದರೆ ನಾನು ಹಿಂದೆ ನಿಂತು, ಚೂಪು ಕಲ್ಲಿನಿಂದ ಅರಮನೆಯ ಗೋಡೆ ಮೇಲೆ ನನ್ನ ಹೆಸರಿನ ಮೊದಲ ಅಕ್ಷರ ಗೀಚಿದ್ದೆ. ಈಗ ಬಿಇ ಮೂರನೇ ವರ್ಷದಲ್ಲಿದ್ದೇನೆ. ಕಳೆದ ರಜೆಯಲ್ಲಿ ಹೋದಾಗ ಆ ಅಕ್ಷರ ಹುಡುಕಿದೆ. ಅದರ ಮೇಲೆ ಇನ್ಯಾರೋ ತಮ್ಮ ಹೆಸರು ಕೆತ್ತಿದ್ದರು. ನಾಚಿಕೆಯಾಯಿತು.

ಜಗತ್ತಿನ ಎಷ್ಟೋ ಅರಮನೆಗಳು ಇಂದು ಮ್ಯೂಸಿಯಂಗಳಾಗಿವೆ. ಜರ್ಮನಿಯ ಮ್ಯೂನಿಕ್ ಬಳಿ 1684ರಲ್ಲಿ ಕಟ್ಟಲು ಶುರುಮಾಡಿದ ಲುಸ್ಟ್‌ಹೈಮ್ ಅರಮನೆಯಲ್ಲಿ 1971ರಿಂದ ಪಿಂಗಾಣಿ ಪಾತ್ರೆಗಳ ದೊಡ್ಡ ಸಂಗ್ರಹವಿದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1660ರಿಂದ 1691ರವರೆಗೆ ಆಳಿದ ಅಲ್ಲಪ್ಪಗೌಡ ಸರದೇಸಾಯಿ ಕಿತ್ತೂರಿನ ಕೋಟೆ ಕಟ್ಟಿಸಿದರು. ಅಲ್ಲಿ ಪಿಂಗಾಣಿ ಇಡಲು ಅರಮನೆಗೆ ಚಾವಣಿ ಉಳಿದಿತ್ತು. ನಮ್ಮಲ್ಲಿ ಉಳಿದದ್ದು ಗೋಡೆಗಳು ಮಾತ್ರ. ಹಾಗಾಗಿ ನಮ್ಮ ಮ್ಯೂಸಿಯಂ ಅರಮನೆಯೊಳಗಿಲ್ಲ, ಅದೇ ಕೋಟೆಯ ಆವರಣದ ಬೇರೆ ಕಟ್ಟಡದಲ್ಲಿದೆ. ಒಳಗೆ ಕತ್ತಿಗಳು, ಮರದ ಕೆತ್ತನೆಯ ಬಾಗಿಲು, ವೀರಗಲ್ಲು, ಶಾಸನ, ಮೂರ್ತಿಗಳಿವೆ.

ಚಾವಣಿ ಯಾಕಿಲ್ಲ ಎಂಬುದೇ ಇತಿಹಾಸ. ಶಿವಲಿಂಗರುದ್ರಸರ್ಜ 1824ರಲ್ಲಿ ತೀರಿಕೊಂಡಾಗ ಕಂಪನಿ ಸರ್ಕಾರ ದತ್ತು ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮುದ್ರೆ ಹಾಕಿಸಿದ. ಅಕ್ಟೋಬರ್ 23ರ ಕಾಳಗದಲ್ಲಿ ಆತ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚನ್ನಮ್ಮ ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ಕೊನೆಯುಸಿರೆಳೆದರು. ಆ ಮುರಿದ ಗೋಡೆಗಳು ಈ ಸೋಲಿಗೂ ಗೆಲುವಿಗೂ ಸಾಕ್ಷಿ.

ಅರಮನೆಯ ಪ್ರತಿಕೃತಿ ಕಟ್ಟಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಹೊಸ ಅರಮನೆ ಬಂದರೆ ಪ್ರವಾಸಿಗರು ಬರುತ್ತಾರೆ, ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೆಲಸ ನಮಗೂ ಬೇಕು. ಆದರೆ ಮೂಲವನ್ನು ಸರಿಯಾಗಿ ಅಳೆದು ದಾಖಲಿಸದೆ ಕಟ್ಟಿದ್ದು ಪ್ರತಿಕೃತಿ ಆಗುವುದಿಲ್ಲ, ಸಿನಿಮಾ ಸೆಟ್ ಆಗುತ್ತದೆ. ಸೆಟ್ ಎಲ್ಲಿ ಬೇಕಾದರೂ ಹಾಕಬಹುದು. ಈ ಗೋಡೆ ಬಿದ್ದರೆ ಇನ್ನೊಂದಿಲ್ಲ.

ಎಂಜಿನಿಯರಿಂಗ್ ಓದುವವರಿಗೆ ಆ ಅವಶೇಷವೇ ಪಾಠ. ಅಲ್ಲಿ ಬಾವಿ ಇದೆ, ಸ್ನಾನದ ಕೋಣೆಗಳಿವೆ, ನೀರು ಹರಿಸಲು ಗೋಡೆಯೊಳಗೆ ಕೊಳವೆ ಕೂಡಿಸಿದ್ದಾರೆ. ಪಂಪು ಇಲ್ಲದ ಕಾಲದಲ್ಲಿ ನೀರನ್ನು ಎಷ್ಟು ಎತ್ತರಕ್ಕೆ ಏರಿಸಿ, ಎಷ್ಟು ಇಳಿಜಾರಿನಲ್ಲಿ ಬಿಟ್ಟಿರಬಹುದು? ಧ್ರುವ ನಕ್ಷತ್ರ ನೋಡಲು ಮಾಡಿದ್ದೆಂದು ಹೇಳುವ ಕಿಂಡಿಯೂ ಇದೆ. ಒಂದು ಊರಿನ ಅಕ್ಷಾಂಶ ಎಷ್ಟೋ, ಅಲ್ಲಿ ಧ್ರುವ ನಕ್ಷತ್ರ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಕಿತ್ತೂರಿಗೆ ಅದು ಸುಮಾರು 15.6. ಕಿಂಡಿಯ ದಿಕ್ಕು, ಓರೆ ಎರಡನ್ನೂ ಮೊಬೈಲ್‌ನಲ್ಲೇ ಅಂದಾಜು ಅಳೆಯಬಹುದು. ಕೇಳಿ ನಂಬುವುದಕ್ಕಿಂತ ಅಳೆದು ನಂಬಿದರೆ ಹೆಮ್ಮೆ ಇನ್ನೂ ಗಟ್ಟಿ.

ನನ್ನ ಸಲಹೆ ಸರಳ. ನಾವು ಮಿನಿ ಪ್ರಾಜೆಕ್ಟ್ ಹೆಸರಿನಲ್ಲಿ ದುಡ್ಡು ಕೊಟ್ಟು ರೆಡಿಮೇಡ್ ಮಾಡೆಲ್ ತರುತ್ತೇವೆ. ಅದರ ಬದಲು ಪುರಾತತ್ವ ಇಲಾಖೆಯ ಅನುಮತಿ ಪಡೆದು, ಸಿವಿಲ್‌ನವರು ಸರ್ವೇ ಮಾಡಲಿ, ಕಂಪ್ಯೂಟರ್ ಸೈನ್ಸ್‌ನವರು ಫೋಟೊಗಳಿಂದ ತ್ರೀಡಿ ನಕ್ಷೆ ಕಟ್ಟಲಿ, ಇತಿಹಾಸದ ವಿದ್ಯಾರ್ಥಿಗಳು ವಿವರ ಬರೆಯಲಿ. ಅದೆಲ್ಲ ಆ ಮ್ಯೂಸಿಯಂನಲ್ಲೇ ಇರಲಿ. ಸವದತ್ತಿ ಕೋಟೆ, ಶಿರಸಂಗಿಯ ದೇಸಾಯಿ ವಾಡೆ, ರಾಮದುರ್ಗದ ಅರಮನೆಗೂ ಇದೇ ಕ್ರಮ ಸಲ್ಲುತ್ತದೆ. ನಾಳೆ ಸಂದರ್ಶನದಲ್ಲಿ ಹೇಳಿಕೊಳ್ಳಲೂ ನಮ್ಮದೇ ಕೆಲಸವೊಂದು ಇರುತ್ತದೆ.

ಅಕ್ಟೋಬರಿನಲ್ಲಿ ಉತ್ಸವಕ್ಕೆ ಸಾವಿರಾರು ಜನ ಸೇರುತ್ತೇವೆ, ಸೆಲ್ಫಿ ತೆಗೆದು ಮರಳುತ್ತೇವೆ. ಈ ಸಲ ನಾನು ಟೇಪು ಹಿಡಿದು ಹೋಗಬೇಕೆಂದಿದ್ದೇನೆ. ಗೋಡೆ ಮೇಲೆ ಬರೆದವನು ಈಗ ಗೋಡೆಯ ಬಗ್ಗೆ ಬರೆಯಬೇಕು. ಅದು ನನ್ನ ಬಾಕಿ.