ಗೇರ್‌ಬಾಕ್ಸಿಗೆ ಯಾವ ಎಣ್ಣೆ?

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹೆಸರು ಕೇಳದವರು ಕಡಿಮೆ. ಇಲ್ಲಿನ ಉಂಡೆ ಕೊಬ್ಬರಿಗೆ ಉತ್ತರ ಭಾರತದಲ್ಲಿ ಬಹಳ ಬೇಡಿಕೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಬೋರನಕಣಿವೆಯ ಆಸುಪಾಸಿನ ತೋಟಗಳ ಫಸಲು ಅಷ್ಟು ದೂರ ಹೋಗುವುದು ಲಾರಿಯ ಬೆನ್ನೇರಿ. ಆ ಲಾರಿಯ ಗೇರ್‌ಬಾಕ್ಸಿನಲ್ಲಿ ಕೆಲವು ಲೀಟರ್ ಎಣ್ಣೆ ಇರುತ್ತದೆ. ಅದು ನೆನಪಾಗುವುದು ಗುಡ್ಡದ ಏರಿನಲ್ಲಿ ಗೇರ್ ಬೀಳದೆ ಲಾರಿ ನಿಂತಾಗ ಮಾತ್ರ. ಇಳಿಜಾರಿನಲ್ಲಿ ಗೇರ್ ಬೀಳದಿದ್ದರಂತೂ ಎಂಜಿನ್ನಿನ ತಡೆ ತಪ್ಪಿ, ಹೊರೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಎಣ್ಣೆ ಎಂದರೆ ಎಲ್ಲವೂ ಒಂದೇ ಅಲ್ಲವೆ? ಅಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ಅಜ್ಜಂದಿರಿಗೂ ಇದು ಗೊತ್ತಿತ್ತು. ಮನೆ ತುಂಬ ಕೊಬ್ಬರಿ ಇದ್ದರೂ ಕೊಬ್ಬರಿ ಎಣ್ಣೆ ಅಚ್ಚಿಗೆ ಒಗ್ಗುವುದಿಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಕಾದರೆ ತೀರ ತೆಳುವಾಗುತ್ತದೆ. ಹರಳೆಣ್ಣೆ ಹಾಗಲ್ಲ, ಅದು ಬಹಳ ಮಂದ. ಈ ಗುಣಕ್ಕೆ ವಿಜ್ಞಾನದ ಪುಸ್ತಕದಲ್ಲಿ ಸ್ನಿಗ್ಧತೆ ಎಂದು ಹೆಸರು.

ಡಬ್ಬದ ಮೇಲಿನ 'ಎಸ್‌ಎಇ 90', '80ಡಬ್ಲ್ಯು-90' ಎಂಬ ಸಂಖ್ಯೆಗಳು ಸ್ನಿಗ್ಧತೆಯನ್ನೇ ಸೂಚಿಸುತ್ತವೆ. ಎಂಜಿನ್ ಎಣ್ಣೆಯ ಡಬ್ಬದಲ್ಲಿ 40 ಅಥವಾ 50 ಎಂದಿದ್ದರೆ ಗೇರ್ ಎಣ್ಣೆ ಅದರ ಎರಡು ಪಟ್ಟು ಮಂದ ಎಂದು ಬಹಳ ಮಂದಿ ತಿಳಿಯುತ್ತಾರೆ. ಇದು ತಪ್ಪು. ಎರಡಕ್ಕೂ ಅಳತೆಗೋಲು ಬೇರೆ. ಒಂದೇ ಬಟ್ಟೆಯನ್ನು ಗಜದಲ್ಲೂ ಮೀಟರಿನಲ್ಲೂ ಅಳೆದಂತೆ. 100 ಡಿಗ್ರಿಯಲ್ಲಿ ಅಳೆದರೆ ಗೇರ್ ಎಣ್ಣೆಯ 90 ಮತ್ತು ಎಂಜಿನ್ ಎಣ್ಣೆಯ 40 ಅಥವಾ 50 ಹೆಚ್ಚುಕಡಿಮೆ ಒಂದೇ ಮಂದ.

ಇನ್ನೂ ಮುಖ್ಯವಾದುದು 'ಜಿಎಲ್-4', 'ಜಿಎಲ್-5' ಎಂಬ ಗುರುತು. ನಾಲ್ಕಕ್ಕಿಂತ ಐದು ದೊಡ್ಡದು, ಆದ್ದರಿಂದ ಐದೇ ಉತ್ತಮ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇವು ಪರೀಕ್ಷೆಯ ಅಂಕಗಳಲ್ಲ. ಆ ಎಣ್ಣೆ ಯಾವ ಕೆಲಸಕ್ಕೆ ತಯಾರಾದದ್ದು ಎಂಬುದರ ಸೂಚನೆ.

1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ತನ್ನ ಕಾರುಗಳ ಹಿಂದಿನ ಆಕ್ಸಲ್‌ಗೆ ಹೈಪಾಯಿಡ್ ಎಂಬ ಹೊಸ ಬಗೆಯ ಹಲ್ಲುಚಕ್ರ ಅಳವಡಿಸಿತು. ಇದರ ಹಲ್ಲುಗಳು ಒಂದರ ಮೇಲೊಂದು ಒತ್ತುವುದಲ್ಲದೆ ಉಜ್ಜುತ್ತ ಜಾರುತ್ತವೆ. ಆ ಒತ್ತಡಕ್ಕೆ ನಡುವಿನ ಎಣ್ಣೆ ಹಿಂಡಿ ಹೋಗುತ್ತದೆ. ಅದಕ್ಕಾಗಿ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಬಿಸಿಯಾದಾಗ ಇವು ಉಕ್ಕಿನ ಮೇಲೆ ತೆಳುವಾದ ಪದರ ಕಟ್ಟಿ ಹಲ್ಲುಗಳನ್ನು ಕಾಯುತ್ತವೆ. ಜಿಎಲ್-5ರಲ್ಲಿ ಇಂಥ ಬೆರಕೆ ಹೆಚ್ಚು. ಹೈಪಾಯಿಡ್ ಆಕ್ಸಲ್‌ಗೆ ಅದೇ ಬೇಕು.

ಗೇರ್‌ಬಾಕ್ಸಿನ ಕತೆ ಬೇರೆ. ಓಡುತ್ತಿರುವ ಬಸ್ಸಿಗೆ ಹತ್ತಲು ಹೋಗುವವನು ಮೊದಲು ಬಸ್ಸಿನ ವೇಗಕ್ಕೆ ಓಡಬೇಕಷ್ಟೆ. ಹಾಗೆಯೇ ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳು ಮೊದಲು ಸಮವೇಗಕ್ಕೆ ಬರಬೇಕು. ಅನೇಕ ಲಾರಿಗಳಲ್ಲಿ ಈ ಕೆಲಸ ಮಾಡುವುದು ಸಿಂಕ್ರೊನೈಸರ್ ಬಳೆಗಳು. ಅವು ಬಹುಮಟ್ಟಿಗೆ ಹಿತ್ತಾಳೆ ಅಥವಾ ಕಂಚಿನವು. ಬಳೆ ಗೇರಿನ ಶಂಕುವನ್ನು ಉಜ್ಜಿ ಹಿಡಿದರೆ ತಾನೆ ವೇಗ ಸಮವಾಗುವುದು? ಅಂದರೆ ಇಲ್ಲಿ ಘರ್ಷಣೆ ಬೇಕು! ಹಲ್ಲುಗಳಲ್ಲಿ ಸವೆತ ತಪ್ಪಿಸಿ, ಬಳೆಯ ಹಿಡಿತ ಕೆಡಿಸದಿರುವ ಎಣ್ಣೆಯೇ ಸರಿಯಾದ ಎಣ್ಣೆ. ಅತಿ ಜಾರುವ ಎಣ್ಣೆ ಹಾಕಿದರೆ ಬಳೆ ಹಿಡಿಯದೆ ಗೇರ್ ಕಿರುಗುಟ್ಟುತ್ತದೆ.

ಇನ್ನೊಂದು ಅಪಾಯವೂ ಉಂಟು. ಮನೆಯ ಬೆಳ್ಳಿ ಕಾಲಂದುಗೆ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ. ತಾಮ್ರಕ್ಕೂ ಗಂಧಕಕ್ಕೂ ಅಂಥದೇ ನಂಟು. ಹಿತ್ತಾಳೆ, ಕಂಚು ಎರಡರಲ್ಲೂ ತಾಮ್ರವಿದೆ. ಕಾದ ಎಣ್ಣೆಯಲ್ಲಿನ ಚುರುಕಾದ ಗಂಧಕ ಬಳೆಯನ್ನು ಮೆಲ್ಲಗೆ ತಿನ್ನಬಲ್ಲದು. ಇದನ್ನು ತಿಳಿಯಲು ಪ್ರಯೋಗಾಲಯದಲ್ಲಿ ಉಜ್ಜಿ ಹೊಳಪಿಸಿದ ತಾಮ್ರದ ಪಟ್ಟಿಯನ್ನು 121 ಡಿಗ್ರಿಯ ಎಣ್ಣೆಯಲ್ಲಿ ಮೂರು ಗಂಟೆ ಇಟ್ಟು, ಅದು ಎಷ್ಟು ಕಪ್ಪಾಯಿತೆಂದು ನೋಡುತ್ತಾರೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಲಾರಿಯ ಜೊತೆ ಬಂದ ಕೈಪಿಡಿ ಹೇಳಿದ್ದನ್ನು. ಹಿತ್ತಾಳೆ ಬಳೆಯ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಜಿಎಲ್-4 ಹೇಳಿರುತ್ತಾರೆ. ಕೆಲವಕ್ಕೆ ಎಂಜಿನ್ ಎಣ್ಣೆ, ಸಿಂಕ್ರೊನೈಸರ್ ಇಲ್ಲದ ಕೆಲವಕ್ಕೆ 'ಎಂಟಿ-1' ಗುರುತಿನದು. ಬೇರೆ ಲೋಹದ ಬಳೆಗಳಿದ್ದರೆ ಅದರ ಎಣ್ಣೆಯೂ ಬೇರೆ. ಹಿಂದಿನ ಆಕ್ಸಲ್‌ಗೆ ತಂದ ಡಬ್ಬದಲ್ಲಿ ಉಳಿಯಿತೆಂದು ಗೇರ್‌ಬಾಕ್ಸಿಗೂ ಸುರಿಯುವುದು ಉಳಿತಾಯವಲ್ಲ. ಬಳೆ ಸವೆದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಲಾರಿ ಷೆಡ್ಡಿನಲ್ಲಿ ನಿಂತಷ್ಟು ದಿನ ಬಾಡಿಗೆಯೂ ಇಲ್ಲ.

ಎಣ್ಣೆಯ ಮಟ್ಟವನ್ನು ಲಾರಿ ಸಮನೆಲದ ಮೇಲಿರುವಾಗಲೇ ನೋಡಬೇಕು. ಹಳೆಯ ಎಣ್ಣೆಯನ್ನು ಅದು ಬೆಚ್ಚಗಿರುವಾಗ ಇಳಿಸಿದರೆ ಕೊಳೆಯೂ ಜೊತೆಗೇ ಹೋಗುತ್ತದೆ. ಇಳಿಸಿದ ಎಣ್ಣೆಯಲ್ಲಿ ಚಿನ್ನದ ಬಣ್ಣದ ಪುಡಿ ಮಿನುಗಿದರೆ ಬಳೆ ಸವೆಯುತ್ತಿದೆ ಎಂದೇ ತಿಳಿಯಬೇಕು.

ಕೈಪಿಡಿಯೂ ಡಬ್ಬದ ಬರಹವೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ, ಅಕ್ಷರವೂ ಬಲು ಸಣ್ಣದು. ಮನೆಯಲ್ಲಿ ಲಾರಿ ಇರುವ ಹೈಸ್ಕೂಲು ಹುಡುಗ ಹುಡುಗಿಯರು ಈ ಭಾನುವಾರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಪ್ಪನಿಗೆ ಓದಿ ಹೇಳಲಿ. ಸಂಖ್ಯೆ, ಗುರುತು ಎರಡೂ ತಾಳೆಯಾದರೆ ಸರಿ. ಇಲ್ಲದಿದ್ದರೆ ಮುಂದಿನ ಕೊಬ್ಬರಿ ಲೋಡ್ ಹೊರಡುವ ಮುನ್ನವೇ ಎಣ್ಣೆ ಬದಲಿಸುವುದು ಒಳ್ಳೆಯದು.