ಕೊಳದ ಗೇಟು ತಾನಾಗಿ ಮುಚ್ಚುತ್ತದೆಯೇ?

ಹೊರರಾಜ್ಯದಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮಂಥವರಿಗೆ ಹನ್ನೊಂದು ತಿಂಗಳೆಂದರೆ ಒಂದು ವರ್ಷ. ಪುಣೆಗೆ ಬಂದು 12 ವರ್ಷಗಳಾದವು, ಇದು ಐದನೇ ಮನೆ. ಪ್ರತಿ ಸಲವೂ ಲೀವ್ ಅಂಡ್ ಲೈಸೆನ್ಸ್ ಕರಾರು, ಅದರ ನೋಂದಣಿ, ಪೊಲೀಸ್ ವೆರಿಫಿಕೇಷನ್, ಸೊಸೈಟಿಯ ಎನ್‌ಒಸಿ. ಗೋಡೆಗೆ ಮೊಳೆ ಹೊಡೆಯಬಾರದು ಎನ್ನುವುದೂ ಕಾಗದದ ಮೇಲಿರುತ್ತದೆ. ಆದರೆ ಬ್ರೋಕರ್ ಹೆಮ್ಮೆಯಿಂದ ತೋರಿಸುವ ಈಜುಕೊಳದ ಸುರಕ್ಷತೆ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಬ್ರಿಸ್ಬೇನ್‌ನಲ್ಲಿ ನೆಲೆಸಿರುವ ದಾವಣಗೆರೆಯ ಸಹಪಾಠಿಯೊಬ್ಬ ಕಳೆದ ವರ್ಷ ತನ್ನ ಮನೆ ಬಾಡಿಗೆಗೆ ಕೊಡಲು ಹೊರಟ. ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಅಂಥ ಮನೆಗೆ ಮೊದಲು ಕೊಳದ ಸುರಕ್ಷತಾ ಪ್ರಮಾಣಪತ್ರ ಬೇಕು. ಪರವಾನಗಿ ಪಡೆದ ಇನ್‌ಸ್ಪೆಕ್ಟರ್ ಬಂದು ಅಳೆದು ನೋಡುತ್ತಾರೆ. ಬೇಲಿ ಕನಿಷ್ಠ 1.2 ಮೀಟರ್ ಎತ್ತರ ಇರಬೇಕು. ಬೇಲಿಯ ಕೆಳಗಿನ ಸಂದಿ 10 ಸೆಂಟಿಮೀಟರ್ ಮೀರಬಾರದು. ಗೇಟು ಕೊಳದ ಕಡೆಗಲ್ಲ, ಹೊರಕ್ಕೆ ತೆರೆಯಬೇಕು. ಕೈಬಿಟ್ಟರೆ ತಾನಾಗಿ ಮುಚ್ಚಿ ಚಿಲಕ ಬೀಳಬೇಕು. ಗೆಳೆಯನ ಮನೆಯಲ್ಲಿ ಗೇಟಿನ ಕೀಲು ಸಡಿಲವಾಗಿತ್ತು, ಬೇಲಿಗೆ ಒತ್ತಿಕೊಂಡು ದೊಡ್ಡದೊಂದು ಹೂಕುಂಡವಿತ್ತು. ಎರಡೂ ಸರಿಯಾದ ಮೇಲೆಯೇ ಪ್ರಮಾಣಪತ್ರ. ‘ಒಂದು ಹೂಕುಂಡಕ್ಕೆ ಇಷ್ಟು ರಾದ್ಧಾಂತ ನೋಡಪ್ಪಾ’ ಎಂದು ಫೋನಿನಲ್ಲಿ ಗೊಣಗಿದ.

ನನಗೆ ಅದು ರಾದ್ಧಾಂತ ಅನಿಸಲಿಲ್ಲ. ಮೂರು ವರ್ಷದ ಮಗುವಿಗೆ ಆ ಹೂಕುಂಡವೇ ಏಣಿ. ಬೇಲಿ ಕಟ್ಟಿದ ದಿನ ಎಲ್ಲವೂ ಸರಿಯಾಗಿರುತ್ತದೆ. ಆಮೇಲೆ ಕೀಲು ತುಕ್ಕು ಹಿಡಿಯುತ್ತದೆ, ಪಕ್ಕದ ಗಿಡ ಮರವಾಗುತ್ತದೆ, ಯಾರೋ ಕುರ್ಚಿ ತಂದಿಡುತ್ತಾರೆ. ಆದ್ದರಿಂದ ಒಮ್ಮೆ ಕಟ್ಟಿದರೆ ಸಾಲದು, ಮತ್ತೆ ಮತ್ತೆ ನೋಡಬೇಕು. ಅದಕ್ಕೆ ಬಾಡಿಗೆ, ಮಾರಾಟದ ಸಮಯವನ್ನೇ ಆರಿಸಿಕೊಂಡದ್ದು ಆ ಕಾನೂನಿನ ಜಾಣತನ. ಹಣ ಕೈಬದಲಾಗುವ ಹೊತ್ತಿನಲ್ಲಿ ಮಾಲೀಕ ಮಾತು ಕೇಳುತ್ತಾನೆ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೂ 2016ರ ಏಪ್ರಿಲ್‌ನಿಂದ ಇಂಥ ನಿಯಮವಿದೆ. ಅಲ್ಲಿ ಕೊಳ ಸರಿಯಿಲ್ಲದ ಮನೆಯನ್ನು ಮಾರಬಹುದು. ಆದರೆ ಕೊಂಡವರು 90 ದಿನಗಳೊಳಗೆ ಸರಿಪಡಿಸಲೇಬೇಕು.

‘ಅಲ್ಲಿ ಮನೆಗೊಂದು ಕೊಳ, ಇಲ್ಲಿ ಸೊಸೈಟಿಗೊಂದು, ಕಾವಲಿಗೆ ಸೆಕ್ಯುರಿಟಿಯವರಿದ್ದಾರಲ್ಲ’ ಎನ್ನಬಹುದು. ಆದರೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಒಂಟಿ ಮನೆಯ ಕೊಳದ ಪ್ರಮಾಣಪತ್ರಕ್ಕೆ ಎರಡು ವರ್ಷ ಬೆಲೆ, ಹಲವು ಮನೆಗಳು ಹಂಚಿಕೊಂಡ ಕೊಳಕ್ಕೆ ಒಂದೇ ವರ್ಷ. ಇದು ಸರಿ ಎಂದೇ ನನ್ನ ಅನಿಸಿಕೆ. ಎಲ್ಲರದ್ದು ಎಂದರೆ ಯಾರದ್ದೂ ಅಲ್ಲ ಎನ್ನುವುದು ಸೊಸೈಟಿಯ ಮೀಟಿಂಗಿಗೆ ಹೋದವರಿಗೆಲ್ಲ ಗೊತ್ತು.

ಮಕ್ಕಳನ್ನು ನೋಡಿಕೊಳ್ಳುವುದು ಹೆತ್ತವರ ಕೆಲಸವಲ್ಲವೇ ಎನ್ನುವವರಿಗೂ ಒಂದು ಮಾತು. ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಮಗುವಿಗೆಂದು ಊರಿನಿಂದ ಅಜ್ಜಿ ಬಂದಿರುತ್ತಾರೆ. ಮಂಡಿನೋವಿನ ಅಜ್ಜಿ, ಓಡುವ ಮಗು. ನೀರಿಗೆ ಬಿದ್ದ ಮಗು ಹೆಚ್ಚಾಗಿ ಕೂಗಿಕೊಳ್ಳುವುದೂ ಇಲ್ಲ. ಬೇಲಿ ಯಾರ ಕಣ್ಗಾವಲಿಗೂ ಬದಲಿಯಲ್ಲ, ಅಜ್ಜಿ ಅಲ್ಲಿಗೆ ತಲುಪುವಷ್ಟು ಹೊತ್ತು ಮಗುವನ್ನು ತಡೆದರೆ ಸಾಕು.

ನಿಯತವಾಗಿ ತಪಾಸಣೆ ಮಾಡಿಸುವುದು ನಮಗೆ ಹೊಸದೇನಲ್ಲ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯಡಿ ಬಹುಮಹಡಿ ಕಟ್ಟಡಗಳು ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈನಲ್ಲಿ, ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ಪರವಾನಗಿ ಪಡೆದ ಏಜೆನ್ಸಿಯ ಪ್ರಮಾಣಪತ್ರ ಕೊಡಬೇಕು. ಬೆಂಕಿಗೆ ಇರುವ ಕಾಳಜಿ ನೀರಿಗೂ ಇರಲಿ.

ಕಾನೂನು ಬರುವಾಗ ಬರಲಿ. ಮುಂದಿನ ಕರಾರಿಗೆ ಸಹಿ ಹಾಕುವ ಮುನ್ನ ಕೊಳದ ಹತ್ತಿರ ಹೋಗಿ ಗೇಟನ್ನು ತೆರೆದು ಕೈಬಿಡಿ. ಅದು ತಾನಾಗಿ ಮುಚ್ಚದಿದ್ದರೆ, ‘ದುರಸ್ತಿಯಾದ ಮೇಲೆ ಕೀ ಪಡೆಯುತ್ತೇವೆ’ ಎಂದು ಬರೆಸಿ. ನಮ್ಮಲ್ಲಿ ಅನೇಕರು ಇಲ್ಲಿ ಬಾಡಿಗೆದಾರರು, ಬೆಂಗಳೂರಿನಲ್ಲಿ ಫ್ಲ್ಯಾಟಿನ ಮಾಲೀಕರು. ನಮ್ಮ ಫ್ಲ್ಯಾಟಿಗೆ ಬರುವವರ ಮನೆಯಲ್ಲೂ ಒಂದು ಮಗು ಇರಬಹುದು. ಅಲ್ಲಿನ ಅಸೋಸಿಯೇಷನ್‌ಗೂ ಇದೇ ಪ್ರಶ್ನೆ ಕೇಳೋಣ.