ಸ್ಲೋ ಲೈನಿನ ಫುಟ್‌ಬಾಲ್

ಕಳೆದ ಭಾನುವಾರ ರಾತ್ರಿ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯವರು ಬಂದು ಬಾಗಿಲು ತಟ್ಟಿದರು. ಇಂಡಿ ತಾಲ್ಲೂಕಿನವರು, ಗೌಂಡಿ ಕೆಲಸ. ನಾನು ಹುಬ್ಬಳ್ಳಿಯವನು, ವೃತ್ತಿಯಲ್ಲಿ ಲೆಕ್ಕ ಪರಿಶೋಧಕ. ಹೀಗಾಗಿ ದಿವಾದ ಈ ಬಿಲ್ಡಿಂಗಿನ ಕನ್ನಡದ ಮನೆಗಳಿಗೆಲ್ಲ ಬ್ಯಾಂಕಿನ ಫಾರ್ಮು, ಪಿಎಫ್ ಕಾಗದ ಎಂದರೆ ನನ್ನ ಮನೆಯೇ ಕಚೇರಿ. ಆದರೆ ಈ ಸಲ ಅವರ ಕೈಯಲ್ಲಿ ಕಾಗದ ಇರಲಿಲ್ಲ.

‘ಸಾಹೇಬ್ರ, ನಮ್ಮ ಹುಡುಗ ಚೆಂಡ ಒದಿಯೋದು ಬಿಡವಲ್ಲ. ಭಿವಂಡಿ ಗೋಡೌನ್‌ನ್ಯಾಗ ಕೆಲಸ ಐತಿ, ಒಂದನೇ ತಾರೀಖಿಗೆ ಬಾ ಅಂದಾರ. ಹಚ್ಚಲೋ ಬ್ಯಾಡೋ? ಆಟದಾಗ ಹೊಟ್ಟಿ ತುಂಬತೈತೇನ್ರಿ?’

ಹುಡುಗನಿಗೆ ಹತ್ತೊಂಬತ್ತು. ಮುಂಬಯಿಯ ಸಣ್ಣ ಕ್ಲಬ್ಬೊಂದರಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಾನೆ. ನಸುಕಿನ ನಾಲ್ಕೂವರೆಗೆ ಎದ್ದು, ಲೋಕಲ್ ಹಿಡಿದು ಅಭ್ಯಾಸಕ್ಕೆ ಹೋಗುತ್ತಾನೆ. ತಿಂಗಳಿಗಿಷ್ಟು ಎಂದು ಕ್ಲಬ್ ಬಾಯಿಮಾತಿನಲ್ಲಿ ಹೇಳಿದ್ದ ಹಣ ಮೂರು ತಿಂಗಳಿಂದ ಬಂದಿಲ್ಲ. ‘ಮೇಲೆ ಲೀಗೇ ನಿಂತಿದೆ, ಪ್ರಾಯೋಜಕರು ಕೈಬಿಟ್ಟರು’ ಎಂಬುದು ಕ್ಲಬ್‌ನ ಉತ್ತರ.

ಆ ಉತ್ತರ ನೆಪವೂ ಇರಬಹುದು, ಆದರೆ ಪೂರ್ತಿ ಸುಳ್ಳಲ್ಲ. 2025ರ ಏಪ್ರಿಲ್‌ನಲ್ಲಿ ಮುಗಿದ ಇಂಡಿಯನ್ ಸೂಪರ್ ಲೀಗ್ ಮತ್ತೆ ಶುರುವಾಗುವ ಮಾತು ಬಂದದ್ದು 2026ರ ಜನವರಿ 6ರಂದು. ಫೆಬ್ರವರಿ 14ರಿಂದ 14 ಕ್ಲಬ್‌ಗಳ ಐಎಸ್‌ಎಲ್, ಅದೇ ಸುಮಾರಿಗೆ 11 ಕ್ಲಬ್‌ಗಳ ಐ-ಲೀಗ್ ಎಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಘೋಷಿಸಿದರು. 2010ರಲ್ಲಿ ಫೆಡರೇಷನ್ ಮಾಡಿಕೊಂಡಿದ್ದ 15 ವರ್ಷಗಳ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುತ್ತದೆ ಎಂಬುದು ಮೊದಲ ದಿನದಿಂದಲೇ ಗೊತ್ತಿದ್ದ ಸಂಗತಿ. ಆದರೂ ಮುಂದಿನ ವ್ಯವಸ್ಥೆ ಸಿದ್ಧವಾಗಲಿಲ್ಲ. ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಬೆಂಗಳೂರು ಎಫ್‌ಸಿಯಂಥ ಕ್ಲಬ್ಬೇ 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಸಂಬಳ ತಡೆಹಿಡಿಯಿತು. ಸುನಿಲ್ ಛೆಟ್ರಿ ಇರುವ ಮನೆಯಲ್ಲೇ ಒಲೆ ಆರಿದಾಗ ಕೆಳಗಿನ ಮನೆಗಳ ಪಾಡೇನು?

ಕೆಳಗಿನ ಮನೆಗಳು ಎಷ್ಟು ಅಂತಸ್ತಿನವು ಎಂಬುದನ್ನು ಮೊದಲು ನೋಡೋಣ. ಎಲ್ಲಕ್ಕಿಂತ ಮೇಲೆ ಐಎಸ್‌ಎಲ್. 2025ರಲ್ಲಿ ಅದರ ಕೆಳಗೆ ಐ-ಲೀಗ್ ಇತ್ತು, ನಂತರ ಐ-ಲೀಗ್ 2, ಐ-ಲೀಗ್ 3. ಬುಡದಲ್ಲಿ ಬೆಂಗಳೂರಿನ ಸೂಪರ್ ಡಿವಿಷನ್, ಮುಂಬಯಿ ಲೀಗ್‌ನಂಥ ರಾಜ್ಯ ಮತ್ತು ನಗರಗಳ ಲೀಗುಗಳು. ಕಾಗದದ ಮೇಲೆ ಇದು ಏಣಿ. 2019ರಲ್ಲಿ ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಮುಂದೆ ಒಪ್ಪಿದ ನೀಲನಕ್ಷೆಯ ಪ್ರಕಾರ ಮೊದಲು ಐ-ಲೀಗ್ ಗೆದ್ದವರು ಮೇಲೇರಬೇಕು. 2024-25ರ ಹೊತ್ತಿಗೆ ಏರುವುದೂ ಇಳಿಯುವುದೂ ಎರಡೂ ಜಾರಿಗೆ ಬರಬೇಕು. ಏರುವುದೇನೋ ನಡೆಯಿತು: 2023ರಲ್ಲಿ ಪಂಜಾಬ್, 2024ರಲ್ಲಿ ಮೊಹಮ್ಮಡನ್, 2025ರಲ್ಲಿ ಇಂಟರ್ ಕಾಶಿ. ಆದರೆ ಐಎಸ್‌ಎಲ್‌ನಿಂದ 2025ರವರೆಗೆ ಒಂದೇ ಒಂದು ಕ್ಲಬ್ ಕೆಳಗಿಳಿದಿರಲಿಲ್ಲ. ಇಳಿಯುವ ಭಯ ಇದ್ದದ್ದು ಕೆಳಗಿನವರಿಗೆ ಮಾತ್ರ.

ಇಂಟರ್ ಕಾಶಿಯ ಕಥೆಯೂ ಸುಲಭದ್ದಲ್ಲ. 2025ರ ಏಪ್ರಿಲ್‌ನಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್ ಐ-ಲೀಗ್ ಚಾಂಪಿಯನ್ ಎಂದು ಟ್ರೋಫಿಯನ್ನೂ ಕೊಟ್ಟಾಗಿತ್ತು. ಎದುರಾಳಿ ತಂಡವೊಂದು ಅನರ್ಹ ಆಟಗಾರನನ್ನು ಇಳಿಸಿದ ಪಂದ್ಯದ ಮೂರು ಅಂಕ ಯಾರಿಗೆ ಎಂಬ ತಕರಾರು ಸ್ವಿಟ್ಜರ್‌ಲೆಂಡಿನ ಕ್ರೀಡಾ ನ್ಯಾಯಮಂಡಳಿಯ ತನಕ ಹೋಯಿತು. ಜುಲೈ 18ರಂದು ಅಂತಿಮ ತೀರ್ಪು ಬಂದು ಇಂಟರ್ ಕಾಶಿ ಚಾಂಪಿಯನ್ ಆಯಿತು. ಮೈದಾನದಲ್ಲಿ ಮುಗಿದ ಲೀಗಿನ ಫಲಿತಾಂಶ ಮೂರು ತಿಂಗಳ ಮೇಲೆ ವಕೀಲರಿಂದ ಗೊತ್ತಾದರೆ, ಅದನ್ನು ನಂಬಿ ಹಣ ಹೂಡುವವರು ಯಾರು?

ಕನ್ನಡಿಗರಾದ ನಮಗೆ ಇದು ಎರಡು ಕಡೆಯಿಂದ ತಟ್ಟುತ್ತದೆ. ನಮ್ಮ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2024ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿತು, ಮರುವರ್ಷವೇ ಕೆಳಗಿಳಿಯಿತು. ಇನ್ನೊಂದು ಪ್ರಸಂಗ ನಾನಿರುವ ಈ ರೈಲು ಮಾರ್ಗದ್ದೇ. 2023ರ ಜುಲೈನಲ್ಲಿ ಐ-ಲೀಗ್‌ಗೆ ನೇರವಾಗಿ ಸೇರಲು ಐದು ಊರುಗಳ ಬಿಡ್‌ಗಳಿಗೆ ಫೆಡರೇಷನ್ ಒಪ್ಪಿಗೆ ಕೊಟ್ಟಿತು: ವಾರಾಣಸಿ, ಪಂಜಾಬಿನ ಭೈಣಿ ಸಾಹಿಬ್, ದೆಹಲಿ, ಬೆಂಗಳೂರು ಮತ್ತು ದಿವಾದಿಂದ ಕಲ್ಯಾಣ ದಾಟಿದರೆ ಸಿಗುವ ಅಂಬರನಾಥ. ಅಂಬರನಾಥದ ಹೆಸರು ಹೊತ್ತ ತಂಡ ಆ ಹೊತ್ತಿಗೆ ಐ-ಲೀಗ್ 2ರ ಅಂತಿಮ ಸುತ್ತಿನಲ್ಲಿ ಆಡಿ ಬಂದಿತ್ತು. ಆ ಋತುವಿನಲ್ಲಿ ಮೈದಾನಕ್ಕಿಳಿದ ಹೊಸ ಕ್ಲಬ್‌ಗಳು ವಾರಾಣಸಿ ಮತ್ತು ಭೈಣಿ ಸಾಹಿಬ್‌ನವು. ಬೆಂಗಳೂರಿನದೂ ಅಂಬರನಾಥದ್ದೂ ಒಪ್ಪಿಗೆಯ ಪಟ್ಟಿಯಲ್ಲೇ ಉಳಿದವು.

ಮುಂಬಯಿಯ ಇತಿಹಾಸವೂ ಇಂಥದೇ. 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. 2025ರಲ್ಲಿ ಭಾರತ ತಂಡದ ಕೋಚ್ ಆದ ಖಾಲಿದ್ ಜಮೀಲ್ ವರ್ಷಗಟ್ಟಲೆ ನಡೆಸಿದ ಮುಂಬಯಿ ಎಫ್‌ಸಿ 2017ರಲ್ಲಿ ಕೆಳಗಿಳಿಯಿತು, ಮತ್ತೆ ಏಳಲಿಲ್ಲ. ಕೂಪರೇಜ್‌ನಲ್ಲಿ ಆಡುತ್ತಿದ್ದ ಕೆಂಕ್ರೆ 2023ರಲ್ಲಿ ಐ-ಲೀಗ್‌ನಿಂದ ಹೊರಬಿತ್ತು. ಇದೇ ಊರಿನಲ್ಲಿ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಂದು ಬ್ರಿಟಿಷ್ ಪಲ್ಟನ್‌ಗಳ ಪಾರುಪತ್ಯದ ರೋವರ್ಸ್ ಕಪ್ ಗೆದ್ದಿತ್ತು, ಮರುವರ್ಷವೂ ಉಳಿಸಿಕೊಂಡಿತ್ತು. 2019ರ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಇಲ್ಲೇ ಗೆದ್ದಾಗ ಗೋಲು ಹೊಡೆದವನು ಮುಂಬಯಿಯ ಹುಡುಗ ರಾಹುಲ್ ಭೇಕೆ. ಎರಡೂ ಊರುಗಳಲ್ಲಿ ಆಟಗಾರರಿಗೆ ಎಂದೂ ಬರ ಇರಲಿಲ್ಲ. ಬರ ಇರುವುದು ಬಾಳುವ ಕ್ಲಬ್‌ಗಳಿಗೆ.

ಏಕೆ ಬಾಳುವುದಿಲ್ಲ? ಲೆಕ್ಕದವನ ಕಣ್ಣಿನಿಂದ ನೋಡಿದರೆ ಉತ್ತರ ಸರಳ. ಖರ್ಚು ರಾಷ್ಟ್ರಮಟ್ಟದ್ದು, ಆದಾಯ ಓಣಿಮಟ್ಟದ್ದು. ಐಜಾಲ್, ಶ್ರೀನಗರ, ಕೋಯಿಕ್ಕೋಡ್, ಗೋವಾ ಎಂದು ಇಡೀ ದೇಶ ಸುತ್ತಬೇಕು. ವಿಮಾನ, ಹೋಟೆಲ್, ವಿದೇಶಿ ಆಟಗಾರರ ಸಂಬಳ, ಮೈದಾನದ ಬಾಡಿಗೆ. ಆ ಕಡೆ ಟಿವಿ ಹಕ್ಕಿನ ಪಾಲು ಇಲ್ಲವೆನ್ನುವಷ್ಟು, ಟಿಕೆಟ್ಟಿನ ಹಣ ಚಹಾಕ್ಕೂ ಸಾಲದು. ಉಳಿಯುವುದು ಮಾಲೀಕರ ಕಿಸೆ ಒಂದೇ. ಅವರ ಹುಮ್ಮಸ್ಸು ಇಳಿದ ದಿನ ಕ್ಲಬ್ಬೂ ಇಳಿಯುತ್ತದೆ.

ಹಿಂದೆ ಹೀಗಿರಲಿಲ್ಲ. ಬೆಂಗಳೂರಿನ ಐಟಿಐ, ಎಚ್‌ಎಎಲ್, ಮುಂಬಯಿಯ ಏರ್ ಇಂಡಿಯಾ ತಂಡಗಳು ಹುಡುಗನಿಗೆ ಆಟದ ಜೊತೆ ನೌಕರಿ ಕೊಡುತ್ತಿದ್ದವು. ಮೊಣಕಾಲು ಹೋದರೂ ಮೇಜು ಉಳಿಯುತ್ತಿತ್ತು. ಆ ತಂಡಗಳಿಗೆ ಅಭಿಮಾನಿಗಳು ಕಡಿಮೆ, ವೃತ್ತಿಪರತೆ ಸಾಲದು ಎಂಬ ದೂರಿನಲ್ಲಿ ನಿಜವಿತ್ತು. ಆದರೆ ಅವನ್ನು ಪಕ್ಕಕ್ಕೆ ಸರಿಸಿದಾಗ ಹುಡುಗನ ಸಂಬಳಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗೆ ಹೊಸ ಉತ್ತರ ಬರೆಯಲಿಲ್ಲ.

ಹಾಗೆಂದು ಕೆಳಗಿನ ಲೀಗುಗಳನ್ನು ಮುಚ್ಚಿಬಿಡುವುದು ಉಪಾಯವಲ್ಲ. 2016ರಲ್ಲಿ ಕೆಳಗಿಳಿದಿದ್ದ ಐಜಾಲ್ ಎಫ್‌ಸಿಗೆ ಮತ್ತೊಂದು ಅವಕಾಶ ಸಿಕ್ಕಿತು. ಮರುವರ್ಷ ಅದೇ ತಂಡ, ಇದೇ ಖಾಲಿದ್ ಜಮೀಲ್ ಕೈಯಲ್ಲಿ, ಐ-ಲೀಗ್ ಚಾಂಪಿಯನ್ ಆಯಿತು. ದಿವಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ನಿಲ್ಲಲು ವರ್ಷಗಟ್ಟಲೆ ಕೂಗಬೇಕಾಯಿತು. ಸ್ಲೋ ಲೈನಿನಲ್ಲಿ ನಿಂತವರು ಹೋಗಬೇಕಾದ ಊರು ಬೇರೆಯಲ್ಲ. ಅವರಿಗೆ ಗಾಡಿ ನಿಲ್ಲುವುದಿಲ್ಲ, ಅಷ್ಟೆ.

ಮಾಡಬಹುದಾದದ್ದು ಇದೆ. ಮೂರನೇ, ನಾಲ್ಕನೇ ಹಂತದ ಪಂದ್ಯಗಳನ್ನು ವಲಯವಾರು ನಡೆಸಿ ಪ್ರಯಾಣದ ಖರ್ಚು ತಗ್ಗಿಸಬೇಕು. ಐಎಸ್‌ಎಲ್ ಆದಾಯದಲ್ಲಿ ಕೆಳಗಿನವರಿಗೆ ನಿಗದಿತ ಪಾಲು ಬೇಕು. ಋತು ಶುರುವಾಗುವ ಮೊದಲೇ ಕ್ಲಬ್‌ಗಳಿಂದ ಕೆಲವು ತಿಂಗಳ ಸಂಬಳದಷ್ಟು ಠೇವಣಿ ಇಡಿಸಿಕೊಳ್ಳಬೇಕು. ಕಾಸರಗೋಡಿನ ನಮ್ಮವರ ಪಕ್ಕದಲ್ಲೇ 2024ರಲ್ಲಿ ಆರು ತಂಡಗಳ ಸೂಪರ್ ಲೀಗ್ ಕೇರಳ ಶುರುವಾಯಿತು. ರಾಜ್ಯದೊಳಗಿನ ಪ್ರಯಾಣ, ಊರಿನ ಹೆಸರು, ಊರಿನ ಜನ. ಹುಬ್ಬಳ್ಳಿ, ಮಂಗಳೂರು, ಬೆಳಗಾವಿ, ಮೈಸೂರು ಹೆಸರಿನ ತಂಡಗಳ ಲೀಗನ್ನು ಕರ್ನಾಟಕವೂ ಯೋಚಿಸಬಹುದು. ಹೊರನಾಡಿನಲ್ಲಿರುವ ನಾವು ಊರಿನ ಹೆಸರಿಗೆ ಟಿಕೆಟ್ ಕೊಳ್ಳುವವರೇ.

ಇವೆಲ್ಲ ಆಗುವ ಹೊತ್ತಿಗೆ ಎರಡನೇ ಮಹಡಿಯ ಹುಡುಗನಿಗೆ ಎಷ್ಟು ವಯಸ್ಸಾಗಿರುತ್ತದೋ. ಅವರಪ್ಪನ ಪ್ರಶ್ನೆಗೆ ಅಂದು ರಾತ್ರಿಯೇ ಉತ್ತರ ಬೇಕಿತ್ತು. ಹುಡುಗನನ್ನೂ ಕರೆಸಿದೆ. ಫಿಫಾ ನಿಯಮದ ಪ್ರಕಾರ ಲಿಖಿತ ಕರಾರು ಇದ್ದು, ಆಡಲು ತಗಲುವ ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು ಮಾತ್ರ ವೃತ್ತಿಪರ ಆಟಗಾರ ಎಂದು ಹೇಳಿದೆ. ಹುಡುಗ ಬೆರಳು ಮಡಚಿ ಲೆಕ್ಕ ಹಾಕಿದ: ಪಾಸು, ಬೂಟು, ಮೊಟ್ಟೆ. ‘ಹಂಗಾರ ನಾ ಇನ್ನೂ ಪ್ರೊಫೆಷನಲ್ ಅಲ್ಲ ಬಿಡ್ರಿ ಅಂಕಲ್’ ಎಂದು ನಕ್ಕ. ಅಪ್ಪ ನಗಲಿಲ್ಲ.

ನಾನು ಹೇಳಿದ್ದು ಇಷ್ಟು. ಗೋಡೌನ್ ಕೆಲಸಕ್ಕೆ ಸೇರಲಿ, ಆದರೆ ಎರಡನೇ ಪಾಳಿ ಕೇಳಲಿ. ಬೆಳಗಿನ ಅಭ್ಯಾಸ ಬಿಡದಿರಲಿ. ಇನ್ನು ಮುಂದೆ ಸಂಬಳದ ಮಾತು ಬಾಯಲ್ಲಿ ಬೇಡ, ಕರಾರು ಕಾಗದದ ಮೇಲಿದ್ದು ಫೆಡರೇಷನ್ನಿನ ನೋಂದಣಿ ವ್ಯವಸ್ಥೆಗೆ ಸೇರಬೇಕು. ಹಾಗಿದ್ದರೆ ಮಾತ್ರ ಬಾಕಿಗಾಗಿ ಫೆಡರೇಷನ್ನಿನ ಆಟಗಾರರ ಸಮಿತಿಯ ಬಾಗಿಲು ತಟ್ಟಬಹುದು. ಒಂದು ವರ್ಷ ಹೀಗೆ ನೋಡೋಣ.

ಉತ್ತರ ಸರಿಯೋ ತಪ್ಪೋ, ನನಗೂ ಅಳುಕಿದೆ. ಎಂಟು ತಾಸು ಪೆಟ್ಟಿಗೆ ಎತ್ತಿದ ಕಾಲು ಮರುದಿನ ನಸುಕಿನಲ್ಲಿ ಓಡಬೇಕು. ಅವರಪ್ಪ ಎದ್ದು ನಿಂತು, ‘ಒಂದ ವರ್ಷ ಅಂದ್ರ ಒಂದ ವರ್ಷರಿ ಮತ್ತ’ ಎಂದರು. ಫೆಬ್ರವರಿಯಲ್ಲಿ ಲೀಗ್ ಶುರುವಾಗುವುದನ್ನು ನಾನೀಗ ಕಾಯುತ್ತಿರುವುದು ಬೆಂಗಳೂರು ಎಫ್‌ಸಿಗಾಗಿ ಮಾತ್ರವಲ್ಲ.